ಎರಡನೇ ಸಲ ಕೇಳಬಾರದು

ಸೊಳ್ಳೆ ಬಂದು ಕೂತಿದ್ದು ಸರ್ವಮಂಗಳಮ್ಮನ ಮೂಗಿನ ತುದಿಯ ಮೇಲೆ. ಆರಾಮಾಗಿ ಕಾಲೂರಿ ರಕ್ತ ಹೀರಲು ಶುರು ಮಾಡಿತ್ತು. ಓಡಿಸಿಕೊಳ್ಳೋಣವೆಂದರೆ ಆಕೆಯ ಕೈ ಮೇಲೆದ್ದು ವರ್ಷದ ಮೇಲಾಗಿತ್ತು. ಎದುರಿಗೆ ಕೂತಿದ್ದ ಇಂಪನಳಿಗೆ ನೋಡಿ ನೋಡಿ ತಡೆಯಲಾಗಲಿಲ್ಲ. ಪರೀಕ್ಷೆಯ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು, "ಅಮ್ಮ, ಸೊಳ್ಳೆ ಓಡಿಸ್ಲಾ?" ಎಂದು ಕೇಳಿದಳು.

ಪರದೆಯ ಮೇಲೆ ಹಸಿರು ಗೆರೆಯೊಂದು ಎದ್ದು ಬಿತ್ತು. ಸ್ಪೀಕರಿನಿಂದ ತಣ್ಣಗಿನ ಹೆಣ್ಣು ದನಿ ಬಂತು. "ಬೇಡ."

ಬೇಡವಂತೆ. ಇಂಪನ ಈ ಕೆಲಸಕ್ಕೆ ಸೇರಿದ ಮೇಲೆ ತರಹೇವಾರಿ ಜನರನ್ನು ನೋಡಿದ್ದಳು. ಸೊಳ್ಳೆಯ ಮೇಲೆ ಇಷ್ಟು ಔದಾರ್ಯ ತೋರಿದವರನ್ನು ಮಾತ್ರ ನೋಡಿರಲಿಲ್ಲ. ಆದರೆ ಉತ್ತರಕ್ಕೆ ಮರ್ಯಾದೆ ಕೊಡಬೇಕೆಂಬುದು ನಿಯಮ. ಕೈ ಕಟ್ಟಿಕೊಂಡು ಕೂತಳು. ಸೊಳ್ಳೆ ಹೊಟ್ಟೆ ತುಂಬ ಕುಡಿದು, ತನ್ನ ಪಾಡಿಗೆ ತಾನು ಹಾರಿಹೋಯಿತು.

ಇದು ನಡೆದದ್ದು ಅರಸೀಕೆರೆಯ ರೈಲ್ವೆ ಸ್ಟೇಷನ್ನಿನ ಆಚೆ ಬದಿಗಿರುವ ಸಂವಹನ ಕೇಂದ್ರದಲ್ಲಿ. ಕಾಯಿಲೆಯಿಂದ ಮಾತು ಹೋದವರು, ಹುಟ್ಟಿನಿಂದಲೇ ಮಾತು ಬಾರದವರು, ನಾಲಿಗೆಯಿದ್ದೂ ದನಿ ಹೊರಡದವರು ಅಲ್ಲಿಗೆ ಬರುತ್ತಾರೆ. ಅವರಿಗೆ ಏನು ಹೇಳಬೇಕಾಗಿದೆ, ಯಾರಿಗೆ ಹೇಳಬೇಕಾಗಿದೆ, ಯಾವ ದಾರಿಯಲ್ಲಿ ಹೇಳಿದರೆ ಸುಲಭ ಅಂತ ಪತ್ತೆ ಹಚ್ಚುವುದು ಇಂಪನಳ ಕೆಲಸ. ಅವಳ ಗುರುಗಳ ಕಾಲದಲ್ಲಿ ಇದಕ್ಕೆ ಚಿತ್ರದ ಹಲಗೆ, ಕಣ್ಣು ಮಿಟುಕಿಸುವ ಸನ್ನೆ ಅಂತೆಲ್ಲ ಇತ್ತು. ಈಗ ಒಳದನಿ ಬಂದಿದೆ.

ಒಳದನಿ ಅಂದರೆ ಹಣೆಗೆ ಕಟ್ಟುವ ಒಂದು ಪಟ್ಟಿ, ಅಷ್ಟೇ. ನಾವು ಬಾಯಿ ಬಿಡುವ ಮೊದಲು ಮಿದುಳು ಮಾತಿಗೆ ಅಣಿಯಾಗುತ್ತದಲ್ಲ, ಆಗ ಅಲ್ಲೊಂದು ಸಣ್ಣ ವಿದ್ಯುತ್ತಿನ ಅಲೆ ಏಳುತ್ತದೆ. ಬಾಯಿ ಕೆಟ್ಟು ಕೂತರೂ ಆ ಅಲೆ ಏಳುವುದು ನಿಲ್ಲುವುದಿಲ್ಲ. ಪಟ್ಟಿ ಅದನ್ನು ಹಿಡಿದು, ಹೂಂ ಯಾವುದು, ಅಲ್ಲ ಯಾವುದು, ಬೇಡ ಯಾವುದು ಎಂದು ಗುರುತಿಸಿ ಸ್ಪೀಕರಿನಲ್ಲಿ ನುಡಿಸುತ್ತದೆ. ಪರದೆಯ ಮೇಲಿನ ಗೆರೆ ಎಷ್ಟು ಎತ್ತರ ಎದ್ದರೆ ಮನಸ್ಸು ಅಷ್ಟು ಗಟ್ಟಿ. ಉದ್ದುದ್ದ ವಾಕ್ಯ ಅದಕ್ಕೆ ದಕ್ಕುವುದಿಲ್ಲ. ಆದರೆ ಈ ಎರಡು ಮೂರು ಮಾತಿನಲ್ಲಿ ಅದು ತಪ್ಪಿದ್ದೇ ಇಲ್ಲ. ಒಳದನಿ ಹೇಳಿದ್ದು ಬಾಯಲ್ಲಿ ಹೇಳಿದ್ದಕ್ಕೆ ಸಮ ಎಂದು ಸರ್ಕಾರವೂ ಒಪ್ಪಿಕೊಂಡಿತ್ತು.

ಒಪ್ಪಿಕೊಂಡ ಹೊಸತರಲ್ಲಿ ಒಂದು ಕಿತಾಪತಿ ನಡೆದಿತ್ತು. ಯಾವುದೋ ಊರಿನಲ್ಲಿ ಮುದುಕನೊಬ್ಬನ ಮಕ್ಕಳು ಹಾಸಿಗೆಯ ಸುತ್ತ ಕೂತು, "ಜಮೀನು ನಂಗೆ ತಾನೆ? ನಂಗೆ ತಾನೆ?" ಎಂದು ಬೆಳಗಿನಿಂದ ಸಂಜೆಯ ತನಕ ಪೀಡಿಸಿ, ಸುಸ್ತಾದ ಮುದುಕನಿಂದ ಹೂಂ ಅನ್ನಿಸಿಕೊಂಡಿದ್ದರು. ಅಲ್ಲಿಂದ ನಿಯಮ ಬಂತು. ಯಾವ ಪ್ರಶ್ನೆಯನ್ನೂ ಒಂದೇ ಸಲ ಕೇಳಬೇಕು. ಮನೆಯವರು ಹೊರಗಿರಬೇಕು. ಒತ್ತಾಯದ ನೆರಳೂ ಬೀಳಬಾರದು. ಒಳ್ಳೆಯ ನಿಯಮವೇ ಅನ್ನಿ. ಇಂಪನ ಅದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದಳು. ರೋಗಿಗಳ ಮನೆಯವರಿಗೆ ಕೇಂದ್ರದಲ್ಲಿ ನಡೆಯುವ ತರಬೇತಿಯಲ್ಲಿ ಅದನ್ನು ಕಲಿಸಿಕೊಡುವವಳೂ ಅವಳೇ.

ಸರ್ವಮಂಗಳಮ್ಮ ಹಿಂದೆ ಸಾರಿಗೆ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಆಕೆ ಒಂದು ಸಲ "ಮುಂದಕ್ಕೆ ನಡೀರಿ" ಎಂದರೆ ಬಾಗಿಲಲ್ಲಿ ಜೋತುಬಿದ್ದ ಹುಡುಗರೂ ಮೆಟ್ಟಿಲು ಹತ್ತಿ ಒಳಗೆ ಬರುತ್ತಿದ್ದರಂತೆ. ಗಂಡ ತೀರಿಕೊಂಡ ಮೇಲೆ, ಮಕ್ಕಳಿಲ್ಲದ ಆಕೆಯನ್ನು ತಂಗಿ ಕೋಮಲ ತನ್ನ ಮನೆಗೆ ಕರೆದುಕೊಂಡು ಬಂದಿದ್ದಳು. ಆಮೇಲೆ ಬಂತು ಈ ನರದ ಕಾಯಿಲೆ. ಮೊದಲು ಕೈ ಬಿತ್ತು, ಆಮೇಲೆ ಕಾಲು, ಆಮೇಲೆ ಆ ಗಂಟಲು. ರೆಪ್ಪೆ ಕೂಡ ತನ್ನಿಷ್ಟದಂತೆ ಬಡಿಯುತ್ತಿತ್ತೇ ಹೊರತು ಆಕೆಯ ಮಾತು ಕೇಳುತ್ತಿರಲಿಲ್ಲ. ನುಂಗುವ ಶಕ್ತಿಯೊಂದು ಹೇಗೋ ಉಳಿದಿತ್ತು. ಕಿವಿ, ಬುದ್ಧಿ ಎರಡೂ ಚುರುಕಾಗಿದ್ದವು.

ಅವತ್ತು ಇಂಪನ ಕೇಳಿದ ಎಲ್ಲಕ್ಕೂ ಬೇಡವೇ. ಸೆಕೆಗೆ ಬೆವರು ಇಳಿಯುತ್ತಿದ್ದರೂ ಫ್ಯಾನು ಬೇಡ. ಕತ್ತಿನ ಕೆಳಗೆ ಇನ್ನೊಂದು ದಿಂಬು ಬೇಡ. ಹಳೆಯ ಸ್ನೇಹಿತೆಯರ ಜೊತೆ ಮಾತಾಡಿಸುವ ಏರ್ಪಾಟು ಮಾಡೋಣವೇ ಎಂದರೆ ಅದೂ ಬೇಡ. ಇಷ್ಟೆಲ್ಲ ಆದ ಮೇಲೆ ಕೇಳಬೇಕಾದ ದೊಡ್ಡ ಪ್ರಶ್ನೆಯೊಂದಿತ್ತು. ಅದನ್ನು ಕೇಳುವ ಮೊದಲು ಇಂಪನ ನೀರು ಕುಡಿದಳು.

ಹಾಸನದ ಡಾಕ್ಟರು ಹೇಳಿದ್ದರು, ಆಕೆಯ ಎದೆಯ ಸ್ನಾಯುಗಳೂ ಸೋಲುತ್ತಿವೆ ಎಂದು. ಗಂಟಲಿಗೆ ಸಣ್ಣ ರಂಧ್ರ ಮಾಡಿ ಉಸಿರಿನ ಯಂತ್ರ ಜೋಡಿಸಿದರೆ ಮನೆಯಲ್ಲೇ ವರ್ಷಗಟ್ಟಲೆ ಬದುಕಬಹುದು. ಇಲ್ಲದಿದ್ದರೆ ಮಳೆಗಾಲ ಕಾಣುವುದು ಕಷ್ಟ. ಮೈಯಲ್ಲಿ ಇಷ್ಟಾದರೂ ಕಸುವಿರುವಾಗಲೇ ಆಪರೇಷನ್ ಆಗಬೇಕು. ಬೇಕೋ ಬೇಡವೋ ಎಂಬುದನ್ನು ಆಕೆಯೇ ಹೇಳಬೇಕು.

"ಅಮ್ಮ, ಉಸಿರಾಟಕ್ಕೆ ಯಂತ್ರ ಹಾಕಿಸೋಣ್ವಾ?"

"ಬೇಡ."

ಇಂಪನ ಉತ್ತರ ಬರೆದುಕೊಂಡು ಎದ್ದಳು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಕೋಮಲ ಬಾಗಿಲು ತೆರೆದ ಸದ್ದಿಗೆ ಎದ್ದು ನಿಂತಳು. ಏನೆಂದಳು ಅಕ್ಕ ಎಂದು ಬಾಯಿ ಬಿಟ್ಟು ಕೇಳಲಿಲ್ಲ. ಇಂಪನಳ ಮುಖ ನೋಡಿಯೇ ತಿಳಿದುಕೊಂಡಳು.

"ಅವಳಿಗೇ ಬೇಡ ಅಂದ್ಮೇಲೆ ಬೇಕು ಅನ್ನೋಕೆ ನಾನ್ಯಾರು ಮೇಡಂ," ಎಂದಳು. ಸೆರಗಿನಿಂದ ಕಣ್ಣೊರೆಸಿಕೊಂಡು ಅಕ್ಕನ ಗಾಲಿಕುರ್ಚಿ ತಳ್ಳಿಕೊಂಡು ಹೋದಳು.

ಇಂಪನ ನೇರ ಹೋಗಿ ಡಾಕ್ಟರ್ ಜಬೀನ್ ಮುಂದೆ ನಿಂತಳು. ಕೇಂದ್ರದ ಮುಖ್ಯಸ್ಥೆ, ಒಳದನಿಯ ಒಳಗುಟ್ಟು ಬಲ್ಲ ಹೆಂಗಸು. ಮೂಗಿನ ಮೇಲೆ ಕೋಪ ಇಟ್ಟುಕೊಂಡೇ ಓಡಾಡುತ್ತಿದ್ದರು, ಆದರೆ ಯಾರಿಗೂ ಅನ್ಯಾಯ ಮಾಡಿದವರಲ್ಲ.

"ಪಟ್ಟಿ ಕೆಟ್ಟಿದೆ ಮೇಡಂ. ಸೊಳ್ಳೆ ಕಚ್ತಿದ್ರೂ ಓಡಿಸ್ಬೇಡ ಅನ್ನುತ್ತೆ. ಇದೆಂಥ ಉತ್ತರ?"

ಜಬೀನ್ ಅವತ್ತಿನ ಅಲೆಗಳನ್ನೆಲ್ಲ ದೊಡ್ಡ ಪರದೆಯ ಮೇಲೆ ಹರಡಿದರು. ಪರೀಕ್ಷೆಯ ಆರಂಭದಲ್ಲಿ, ಪಟ್ಟಿ ಸರಿಯಿದೆಯೇ ಎಂದು ನೋಡಲು, ಗೊತ್ತಿರುವ ಸಂಗತಿಗಳನ್ನು ಕೇಳುವ ರೂಢಿ. ನಿಮ್ಮ ತಂಗಿ ಹೆಸರು ಕೋಮಲ ತಾನೆ? ಹೂಂ. ನೀವು ಬಸ್ ಡ್ರೈವರ್ ತಾನೆ? ಅಲ್ಲ. ಟಿಕೆಟ್ ಕೊಡ್ತಿದ್ರಾ? ಹೂಂ. ಒಂದೂ ತಪ್ಪಿರಲಿಲ್ಲ.

"ಪಟ್ಟಿ ಗುಂಡುಕಲ್ಲಿನ ಹಾಗಿದೆ," ಎಂದರು ಜಬೀನ್. "ಆ ಅಮ್ಮನ ಮಿದುಳೇ ಬೇಡ ಅಂದಿದೆ. ನೋಡು ಇಂಪನ, ಕೆಲವರಿಗೆ ಸಾಕಾಗಿರುತ್ತೆ. ಅದನ್ನ ಒಪ್ಪಿಕೊಳ್ಳೋದೂ ನಮ್ಮ ಕೆಲಸಾನೇ."

"ಸಾಕಾದವರಿಗೆ ಸೊಳ್ಳೆ ಕಚ್ಚಿದ್ರೆ ತುರಿಸಲ್ವಾ ಮೇಡಂ?"

"ತಲೆ ತಿನ್ಬೇಡ ಕಣೇ. ಮನೆ ಭೇಟಿ ಒಂದು ಬಾಕಿಯಿದೆಯಲ್ಲ, ಹೋಗಿ ನೋಡಿಕೊಂಡು ಬಾ. ಆಮೇಲೂ ಏನೂ ಸಿಗದಿದ್ರೆ ಈ ವಾರದಲ್ಲಿ ಉತ್ತರ ಅಂತಿಮ ಮಾಡಿ ಹಾಸನಕ್ಕೆ ಕಳಿಸ್ತೀನಿ."

ಕೋಮಲಳ ಮನೆ ಹಾಸನ ರಸ್ತೆಯ ಕಡೆ, ಬಸ್ ಡಿಪೋದ ಹಿಂದಿನ ಬೀದಿಯಲ್ಲಿ. ಇಂಪನ ಅಲ್ಲಿಗೆ ತಲುಪುವ ಹೊತ್ತಿಗೆ ಮಧ್ಯಾಹ್ನ ಇಳಿದಿತ್ತು. ಬೆಳಗಿನಿಂದ ಒಂದು ತೊಟ್ಟು ಕಾಫಿ ಒಳಗೆ ಹೋಗಿರಲಿಲ್ಲ, ತಲೆ ಸಿಡಿಯುತ್ತಿತ್ತು. ನಡುಮನೆಯಲ್ಲಿ, ಬೀದಿ ಕಾಣುವ ಹಾಗೆ ಮಂಚ ಹಾಕಿ ಸರ್ವಮಂಗಳಮ್ಮನನ್ನು ಒರಗಿಸಿದ್ದರು. ಹಣೆಯ ಮೇಲೆ ಮನೆಯ ಬಳಕೆಗೆ ಕೇಂದ್ರ ಕೊಟ್ಟಿದ್ದ ಒಳದನಿ ಪಟ್ಟಿ, ಪಕ್ಕದ ಸ್ಟೂಲಿನ ಮೇಲೆ ಅದರ ಪುಟ್ಟ ಪರದೆ. ಕೇಂದ್ರದಲ್ಲಿ ಮೈತುಂಬ ಸೆರಗು ಹೊದ್ದು ಕೂತಾಗ ಗೊತ್ತಾಗಿರಲಿಲ್ಲ. ಹೆಂಗಸು ಎಲುಬಿನ ಗೂಡಾಗಿದ್ದರು.

"ಬನ್ನಿ ಮೇಡಂ, ಕೂತ್ಕೊಳ್ಳಿ. ಕಾಫಿ ಮಾಡ್ಲಾ?" ಎಂದಳು ಕೋಮಲ.

"ಅಯ್ಯೋ ಬೇಡಿ, ಈಗ ತಾನೇ ಕುಡಿದು ಬಂದೆ."

"ಎಲ್ಲಿ ಕುಡಿದ್ರಿ ಈ ಬಿಸಿಲಲ್ಲಿ? ಒಂದು ಲೋಟ ಕುಡೀರಿ."

"ಬೇಡಿ, ಯಾಕೆ ಸುಮ್ನೆ ತೊಂದರೆ."

"ತೊಂದರೆ ಏನು ಬಂತು? ಹಾಲು ಕಾಯ್ತಾ ಇದೆ, ಡಿಕಾಕ್ಷನ್ ಇಳಿದಿದೆ. ಕುಡೀದೆ ಹೋದ್ರೆ ನಂಗೆ ಬೇಜಾರಾಗುತ್ತೆ ಅಷ್ಟೇ."

"ಸರಿ ಹಾಗಿದ್ರೆ, ಅರ್ಧ ಲೋಟ ಕೊಡಿ."

ಬಂದದ್ದು ತುಂಬಿದ ಲೋಟ. ಬರಬೇಕಾದದ್ದೂ ಅದೇ, ಇಬ್ಬರಿಗೂ ಗೊತ್ತು. ಇಂಪನ ಒಂದು ಗುಟುಕು ಕುಡಿದಳು, ಜೀವ ಬಂದಂತಾಯಿತು. ಅಷ್ಟರಲ್ಲಿ ಕೋಮಲ ಅಕ್ಕನಿಗೆಂದು ಬಟ್ಟಲಲ್ಲಿ ಗಂಜಿ ತಂದಳು. ಬೆಳ್ಳುಳ್ಳಿ ಒಗ್ಗರಣೆಯ ಘಮ ಮನೆಯೆಲ್ಲ ತುಂಬಿತು.

"ಅಕ್ಕ, ಗಂಜಿ ಕೊಡ್ಲಾ?"

"ಬೇಡ," ಎಂದಿತು ಒಳದನಿ.

ಕೋಮಲ ತಕ್ಷಣ ಬಟ್ಟಲು ಹಿಡಿದು ತಿರುಗಿದಳು. ಅಡುಗೆಮನೆಯ ಹೊಸ್ತಿಲು ದಾಟುವಾಗ ಅವಳ ಕೆನ್ನೆಯ ಮೇಲೆ ನೀರಿತ್ತು. ಇಂಪನಳ ಕೈಯಲ್ಲಿ ಲೋಟ ಹಾಗೇ ನಿಂತಿತು.

"ಕೋಮಲಮ್ಮ, ಮತ್ತೆ ಕೇಳಲ್ವಾ ನೀವು?"

"ಎರಡನೇ ಸಲ ಕೇಳಬಾರದು ಅಂತ ನೀವೇ ಹೇಳಿಕೊಟ್ರಲ್ಲ ಮೇಡಂ."

ಅದು ಆಡಿಕೊಂಡು ಹೇಳಿದ ಮಾತಲ್ಲ. ಪಾಠ ಒಪ್ಪಿಸುವ ಹುಡುಗಿಯ ಹಾಗೆ ಹೇಳಿದಳು. ಇಂಪನ ಕೈಯಲ್ಲಿದ್ದ ಕಾಫಿಯನ್ನು ನೋಡಿದಳು. ತನಗೆ ಈಗಷ್ಟೇ ಏನಾಯಿತು? ಪ್ರಾಣ ಹೋಗುವಷ್ಟು ಕಾಫಿ ಬೇಕಿತ್ತು, ಬೇಡ ಅಂದಳು. ಒಂದು ಸಲ ಅಲ್ಲ, ಎರಡು ಸಲ. ಅಷ್ಟು ಹೊತ್ತು ಅವಳ ಹಣೆಗೂ ಒಳದನಿ ಕಟ್ಟಿದ್ದರೆ ಅದೂ ಸ್ಪಷ್ಟವಾಗಿ ಬೇಡ ಎಂದೇ ನುಡಿಯುತ್ತಿತ್ತು. ಕೋಮಲ ಅಲ್ಲಿಗೇ ಸುಮ್ಮನಾಗಿದ್ದರೆ ತಲೆನೋವು ಹೊತ್ತುಕೊಂಡೇ ಮನೆಗೆ ಹೋಗಬೇಕಿತ್ತು. ಹೋಗುತ್ತಾ, "ಎಂಥ ಜನ, ಒಂದು ಮಾತು ಬಲವಂತ ಮಾಡಲಿಲ್ಲ" ಎಂದು ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದಳು.

"ನಿಮ್ಮಕ್ಕ ಮುಂಚೆ ಹೇಗಿದ್ರು? ಊಟಕ್ಕೆ ಕೂತಾಗ?" ಎಂದು ಕೇಳಿದಳು.

ಕೋಮಲಳ ಅಳುಮುಖದಲ್ಲೂ ನಗು ಬಂತು. "ಅವಳಾ? ಮದುವೆ ಮನೇಲಿ ಅವಳಿಗೆ ಬಡಿಸೋರಿಗೆ ಸಾಕುಸಾಕಾಗೋದು. ಹೋಳಿಗೆ ತಂದ್ರೆ ಎಲೆಗೆ ಎರಡೂ ಕೈ ಅಡ್ಡ ಹಿಡಿಯೋಳು. ಬೇಡ ಬೇಡ ಅಂತ ಎಲೆ ಮೇಲೆ ಬಗ್ಗೇಬಿಡೋಳು. ಕೈ ಸಂದಿಯಲ್ಲಿ ತೂರಿಸಿ ಹಾಕಬೇಕಿತ್ತು. ಹಾಕಿದ್ಮೇಲೆ ತುಪ್ಪ ಇಲ್ವಾ ಅಂತ ನೋಡೋಳು. ಈ ಮನೆಗೆ ಬಾ ಅಂತ ಕರೆದಾಗ್ಲೂ ಅಷ್ಟೇ. ಬೇಡ, ನಿಮಗೆ ಯಾಕೆ ಭಾರ ಅಂತ ಹಟ. ನಾನು ಅವಳ ಟ್ರಂಕ್ ಎತ್ತಿ ಆಟೋದಲ್ಲಿ ಹಾಕಿದ್ಮೇಲೇ ಬಂದಿದ್ದು."

"ಹೋಗಿ ಗಂಜಿ ತನ್ನಿ. ಇನ್ನೊಂದು ಸಲ ಕೇಳಿ."

"ಕೇಳಬಹುದಾ?"

"ಕೇಳಿ. ತಪ್ಪಾದ್ರೆ ನನ್ನ ತಲೆ ಮೇಲೆ."

ಕೋಮಲ ಮಂಚದ ಅಂಚಿನಲ್ಲಿ ಕೂತಳು. "ಅಕ್ಕ, ಒಂದೆರಡು ಚಮಚ ಕುಡೀತೀಯಾ?"

"ಬೇಡ." ಆದರೆ ಪುಟ್ಟ ಪರದೆಯ ಮೇಲೆ ಗೆರೆ ಹಿಂದಿನಷ್ಟು ಎದ್ದಿರಲಿಲ್ಲ. ಇಂಪನ ಮುಂದಕ್ಕೆ ಬಗ್ಗಿದಳು. ಕೋಮಲಳಿಗೆ ಗೆರೆ ಗಿರೆ ಒಂದೂ ತಿಳಿಯದು. ಅವಳಿಗೆ ಹಳೆಯ ರೂಢಿ ತಾನಾಗೇ ಬಾಯಿಗೆ ಬಂತು.

"ಏನು ಬೇಡ? ಬೆಳ್ಳುಳ್ಳಿ ಹಾಕಿ ಮಾಡಿದ್ದೀನಿ. ನೀನು ಕುಡೀದೆ ಇದ್ರೆ ನಾನು ಹೇಗೆ ತಿನ್ಲಿ? ಸುಮ್ನೆ ಒಂಚೂರು ತಗೋ."

ಗೆರೆ ಒಂದು ಗಳಿಗೆ ನಡುಗಿತು. ಆಮೇಲೆ ನೆಟ್ಟಗೆ ಎದ್ದಿತು. "ಹೂಂ."

ಆ ಬಟ್ಟಲು ಮುಗಿಯಿತು. ಇನ್ನೊಂದು ತಂದಾಗ ಮತ್ತೆ ಬೇಡ, ಮತ್ತೆ ಬಲವಂತ, ಮತ್ತೆ ಹೂಂ. ಅದೂ ಮುಗಿಯಿತು. ಕೋಮಲ ಖಾಲಿ ಬಟ್ಟಲು ಹಿಡಿದು ಅಡುಗೆಮನೆಗೆ ಹೋದವಳು ಹೊರಗೆ ಬರಲಿಲ್ಲ. ಇಂಪನ ಹೋಗಿ ನೋಡಿದರೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಬಿಕ್ಕುತ್ತಿದ್ದಳು. "ಇಷ್ಟು ದಿನ ನಮ್ಮಕ್ಕನ್ನ ಮಾತ್ರೆ ಜೊತೆ ಕೊಡೋ ಹಾಲಿನ ಮೇಲೇ ಉಪವಾಸ ಕೆಡವಿದ್ನಲ್ಲ ಮೇಡಂ. ಕಾಯಿಲೆಗೆ ಸೊರಗಿದ್ದಾಳೆ ಅಂದ್ಕೊಂಡೆ."

"ಕೆಡವಿದ್ದು ನೀವಲ್ಲ, ನಾನು," ಎಂದಳು ಇಂಪನ.

ಮಾರನೆಯ ಬೆಳಿಗ್ಗೆ ಕೇಂದ್ರದಲ್ಲಿ ಜಬೀನ್ ಎಲ್ಲವನ್ನೂ ಕೇಳಿಸಿಕೊಂಡರು. ಕೇಳಿಸಿಕೊಂಡು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅದು ಒಳ್ಳೆಯ ಲಕ್ಷಣವಲ್ಲ.

"ಮೂರು ಸಲ ಕೇಳಿ ಹೂಂ ಅನ್ನಿಸಿದ್ರೆ ಅದು ಅವರ ಹೂಂ ಹೇಗಾಗುತ್ತೆ? ನಿನ್ನ ಹೂಂ ಆಗುತ್ತೆ. ಆ ಮುದುಕನ ಮಕ್ಕಳೂ ಇದನ್ನೇ ತಾನೆ ಮಾಡಿದ್ದು?"

"ಹೌದು ಮೇಡಂ. ಅದಕ್ಕೇ ನಿಮ್ಮ ಹತ್ರ ಬಂದಿದ್ದು. ಬಲವಂತಕ್ಕೇ ಹೂಂ ಅನ್ನೋರಾದ್ರೆ, ಇಷ್ಟವಿಲ್ಲದ್ದಕ್ಕೂ ಹೂಂ ಅನ್ನಬೇಕಲ್ವಾ? ಬೇಕಾದ್ದು, ಬೇಡವಾದ್ದು ಎರಡನ್ನೂ ಮೂರು ಮೂರು ಸಲ ಕೇಳಿ ನೋಡೋಣ. ದಾಕ್ಷಿಣ್ಯದ ಬೇಡ ಇಳೀತಾ ಹೋಗುತ್ತೆ. ನಿಜವಾದ ಬೇಡ ಇಳಿಯಬಾರದು."

"ಏರಬೇಕು," ಎಂದರು ಜಬೀನ್ ತಟ್ಟನೆ. "ಬೇಡವಾದ್ದನ್ನ ಮತ್ತೆ ಮತ್ತೆ ಕೇಳಿದ್ರೆ ರೇಗುತ್ತೆ." ಅವರು ಕನ್ನಡಕ ಮತ್ತೆ ಹಾಕಿಕೊಂಡರು. "ನಮ್ಮ ಮನೆಗಳಲ್ಲೂ ಇದೇ ಕಥೆ. ಹಬ್ಬಕ್ಕೆ ಬಂದೋರು ಬಿರಿಯಾನಿಗೆ ಸಾಕು ಅಂದ ತಕ್ಷಣ ಪಾತ್ರೆ ಎತ್ತಿದ್ರೆ ನಮ್ಮತ್ತೆ ನನ್ನನ್ನ ಸುಮ್ನೆ ಬಿಡ್ತಿರ್ಲಿಲ್ಲ. ಈ ಒಳದನಿ ಕೂರಿಸುವಾಗ ನಂಗೆ ಅದು ಹೊಳೀಲೇ ಇಲ್ಲ ನೋಡು. ನಡಿ, ನಾನೂ ಬರ್ತೀನಿ. ಸರಿ ಕಾಣದಿದ್ರೆ ಅಲ್ಲೇ ನಿಲ್ಲಿಸಿಬಿಡ್ತೀನಿ."

ಆ ಮಧ್ಯಾಹ್ನವೇ ಇಬ್ಬರೂ ದೊಡ್ಡ ಪರದೆ ಹೊತ್ತುಕೊಂಡು ಕೋಮಲಳ ಮನೆಗೆ ಹೋದರು. ಜಬೀನ್ ಮೊದಲೇ ಸರ್ವಮಂಗಳಮ್ಮನ ಹತ್ತಿರ ಕೂತು, "ಕೆಲವು ಪ್ರಶ್ನೆಗಳನ್ನ ಪದೇ ಪದೇ ಕೇಳ್ತೀವಿ. ನಿಮ್ಮ ಮನಸ್ಸಿಗೆ ಬಂದಿದ್ದು ಹೇಳಿ, ನಮಗೋಸ್ಕರ ಹೇಳಬೇಡಿ. ಕೇಳಬಹುದಾ?" ಎಂದರು. ಇದೊಂದಕ್ಕೆ ಆಕೆ ಮೊದಲ ಸಲಕ್ಕೇ ಹೂಂ ಎಂದರು.

ಕೇಳುವವಳು ಕೋಮಲಳೇ ಎಂದು ಜಬೀನ್ ತೀರ್ಮಾನಿಸಿದ್ದರು. ಬಡಿಸುವವರು ಕೇಳಿದರೇ ತಾನೆ ಅದು ಉಪಚಾರ, ದಾರಿಹೋಕರು ಕೇಳಿದರೆ ಯಾರು ಉತ್ತರ ಕೊಡುತ್ತಾರೆ ಎಂಬುದು ಅವರ ಲೆಕ್ಕ. ಎಳನೀರು, ಫ್ಯಾನು, ಇನ್ನೊಂದು ದಿಂಬು, ಹಳೆಯ ಸ್ನೇಹಿತೆಗೆ ಫೋನು ಹಚ್ಚುವುದು, ಒಂದೊಂದಾಗಿ ಕೇಳಿದಳು. ಗೆರೆ ಮೊದಲು ಎತ್ತರ, ಆಮೇಲೆ ಗಿಡ್ಡ, ಆಮೇಲೆ ಹೂಂ. ಪ್ರತಿ ಸಲವೂ ಅದೇ ಓಟ.

"ಇನ್ನು ಬೇಡವಾದ್ದು ಕೇಳಿ. ಆಕೆಗೆ ಕಂಡರಾಗದ್ದು ಏನಿದೆ?" ಎಂದು ಜಬೀನ್ ಪಿಸುಗುಟ್ಟಿದರು.

ಕೋಮಲ ಯೋಚಿಸಲೂ ಇಲ್ಲ. "ಅಕ್ಕ, ಉಪ್ಪಿಟ್ಟು ಮಾಡ್ಲಾ?"

"ಬೇಡ."

"ಒಂಚೂರು ತಿನ್ನು, ಬಿಸಿಬಿಸಿ ಮಾಡಿಕೊಡ್ತೀನಿ."

"ಬೇಡ." ಗೆರೆ ಇನ್ನೂ ಎತ್ತರ.

"ನಂಗೋಸ್ಕರ ಒಂದು ತುತ್ತು?"

"ಬೇಡ!" ಗೆರೆ ಪರದೆಯ ಮುಕ್ಕಾಲು ಭಾಗ ಏರಿತು. ಸ್ಪೀಕರಿನ ತಣ್ಣಗಿನ ದನಿಯೂ ಒಂಚೂರು ಬಿರುಸಾಗಿ ಕೇಳಿಸಿತು. ಸರ್ವಿಸಿನುದ್ದಕ್ಕೂ ಡಿಪೋ ಕ್ಯಾಂಟೀನಿನ ಉಪ್ಪಿಟ್ಟು ತಿಂದ ಹೆಂಗಸು, ಬರಲಾರದೇ ಕೋಪ? ಜಬೀನ್ ಬಾಯಿಗೆ ಕರ್ಚೀಫು ಅಡ್ಡ ಹಿಡಿದು ನಕ್ಕರು. ಅವರು ನಗುವುದನ್ನು ಇಂಪನ ನೋಡಿದ್ದು ಅವತ್ತೇ ಮೊದಲು.

ನಗು ಬಹಳ ಹೊತ್ತು ನಿಲ್ಲಲಿಲ್ಲ. ಇನ್ನು ಉಳಿದಿದ್ದು ಒಂದೇ ಪ್ರಶ್ನೆ. ಜಬೀನ್ ಕೋಮಲಳನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಹೇಳಿದರು, "ನೋಡಮ್ಮ, ಯಂತ್ರ ಮನೆಗೆ ಬಂದ್ರೆ ಹಗಲೂ ರಾತ್ರಿ ಅದನ್ನ ಕಾಯಬೇಕು. ಗಂಟಲ ಕಫ ತೆಗೀತಾ ಇರಬೇಕು. ಕರೆಂಟು ಹೋದ್ರೆ ಎದ್ದು ಓಡಬೇಕು. ನಿಮಗೆ ಮನಸ್ಸಿದೆಯಾ? ನನ್ನ ಮುಂದೆ ದಾಕ್ಷಿಣ್ಯ ಬೇಡ."

"ಕಷ್ಟ ಆಗುತ್ತೆ ಮೇಡಂ, ಸುಳ್ಳು ಯಾಕೆ ಹೇಳ್ಲಿ. ನಮ್ಮನೆಯವರ ಹತ್ರಾನೂ ಮಾತಾಡಿದ್ದೀನಿ, ಆಗಲಿ ಅಂದಿದ್ದಾರೆ. ಅವಳಿಲ್ದೆ ಇದ್ರೆ ಈ ಮನೇಲಿ ನನಗೆ ಅಂತ ಯಾರಿದ್ದಾರೆ ಹೇಳಿ, ನನ್ನ ಕಡೆಯೋರು?"

ಜಬೀನ್ ತಲೆದೂಗಿದರು. ಮೂವರೂ ಮಂಚದ ಬಳಿ ಬಂದರು. ಕೋಮಲ ಅಕ್ಕನ ಅಂಗೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು.

"ಅಕ್ಕ, ಉಸಿರಿನ ಯಂತ್ರ ಹಾಕಿಸೋಣ್ವಾ?"

"ಬೇಡ."

"ಹಾಕಿಸಿಕೊಂಡ್ರೆ ಇನ್ನೂ ಎಷ್ಟೋ ವರ್ಷ ಇರಬಹುದಂತೆ. ಹಾಕಿಸೋಣ್ವಾ?"

"ಬೇಡ."

ಇಂಪನ ಪರದೆ ನೋಡಿದಳು. ಗೆರೆ ಇಳಿದಿರಲಿಲ್ಲ. ಏರಿಯೂ ಇರಲಿಲ್ಲ. ಮೊದಲಿನಷ್ಟೇ ಎತ್ತರಕ್ಕೆ ಹಟ ಹಿಡಿದು ನಿಂತಿತ್ತು. ಅಂದರೆ ಇದು ನಿಜವಾದ ಬೇಡವೇ ಇರಬಹುದು. ಹಾಗಾದರೆ ತಾನು ಒಂದು ಮನೆಯವರಿಗೆ ಇಲ್ಲದ ಆಸೆ ಹುಟ್ಟಿಸಿದೆನಲ್ಲ. ಜಬೀನ್ ಕಡೆ ನೋಡಿದಳು. ಅವರ ಕಣ್ಣು ಪರದೆ ಬಿಟ್ಟು ಕದಲಲಿಲ್ಲ.

ಕೋಮಲಳಿಗೆ ಮೂರನೆಯ ಸಲ ಹೇಗೆ ಕೇಳಬೇಕೋ ತೋಚಲಿಲ್ಲ. ಗಂಜಿಗೆ ಕೇಳಿದ ಹಾಗೆ ಇದಕ್ಕೆ ಕೇಳಲಾಗುತ್ತದೆಯೇ? ಅಕ್ಕನ ಅಂಗೈ ಉಜ್ಜಿದಳು. ಆಮೇಲೆ ಪ್ರಶ್ನೆ ಗಿಶ್ನೆ ಬಿಟ್ಟು ಸುಮ್ಮನೆ ಮಾತಾಡತೊಡಗಿದಳು.

"ನೀನು ಏನು ಯೋಚನೆ ಮಾಡ್ತಿದ್ದೀಯ ಗೊತ್ತು ನಂಗೆ. ಕೋಮಲಂಗೆ ಕಷ್ಟ ಆಗುತ್ತೆ ಅಂತ ತಾನೆ? ಆಗುತ್ತೆ ಅಕ್ಕ. ಆಗಲ್ಲ ಅಂತ ನಾನು ಸುಳ್ಳು ಹೇಳಲ್ಲ. ನಿದ್ದೆ ಕೆಡುತ್ತೆ. ಗೊಣಗ್ತೀನಿ. ಒಂದೊಂದು ದಿನ ನಿನ್ನ ಮೇಲೂ ರೇಗ್ತೀನಿ, ಅದನ್ನ ನೀನು ಕೇಳಿಸಿಕೊಂಡು ಬಿದ್ದಿರಬೇಕಾಗುತ್ತೆ. ಆದ್ರೂ ನೀನು ಇರಬೇಕು. ಇವರು ಹೇಳಿಕೊಟ್ರು ಅಂತ ಬಾಯುಪಚಾರಕ್ಕೆ ಕೇಳ್ತ ಇಲ್ಲ ನಾನು. ನಿನಗೆ ನಿಜವಾಗ್ಲೂ ಸಾಕಾಗಿದ್ರೆ ಹೇಳಿಬಿಡು, ನಾನು ಅತ್ತರೂ ಒಪ್ಕೋತೀನಿ. ನನ್ನ ಮುಖ ನೋಡಿ ಬೇಡ ಅನ್ನಬೇಡ ಅಷ್ಟೇ. ಇರ್ತೀಯಾ?"

ಪರದೆ ಚಪ್ಪಟೆಯಾಗಿತ್ತು. ಬೀದಿಯಲ್ಲಿ ಯಾವುದೋ ಬಸ್ಸು ಡಿಪೋದೊಳಕ್ಕೆ ತಿರುಗಿದ ಸದ್ದು ಕೇಳಿಸಿತು. ಸರ್ವಮಂಗಳಮ್ಮನ ರೆಪ್ಪೆ ಎರಡು ಮೂರು ಸಲ ತಂತಾನೇ ಬಡಿಯಿತು. ಗೆರೆ ತುಸು ಎದ್ದು ಮಲಗಿತು, ಮತ್ತೆ ಎದ್ದಿತು, ಈ ಸಲ ಮಲಗಲಿಲ್ಲ.

"ಹೂಂ," ಎಂದಿತು ಒಳದನಿ.

ಕೋಮಲ ಅಕ್ಕನ ಅಂಗೈಯಲ್ಲಿ ಮುಖ ಇಟ್ಟುಬಿಟ್ಟಳು. ಇಂಪನಳಿಗೆ ಕುಣಿಯಬೇಕು ಅನ್ನಿಸಿತು. ಆದರೆ ಜಬೀನ್ ಕೈಯೆತ್ತಿ ಎಲ್ಲರನ್ನೂ ತಡೆದರು. ಎಷ್ಟಾದರೂ ಜಬೀನ್ ಜಬೀನೇ. ಮಂಚದ ಇನ್ನೊಂದು ಬದಿಗೆ ಹೋಗಿ, ಕುರ್ಚಿ ಎಳೆದುಕೊಂಡು ಕೂತು, ಬೇಕೆಂದೇ ಒರಟಾದ ದನಿಯಲ್ಲಿ ಕೇಳಿದರು.

"ಸರ್ವಮಂಗಳಮ್ಮ, ನಾನು ಡಾಕ್ಟರ್. ನಿಮ್ಮ ತಂಗಿ ಅತ್ಲು ಅಂತ ನೀವು ಹೂಂ ಅಂದಿರಬಹುದು. ಅದನ್ನ ನಾನು ಒಪ್ಪಲ್ಲ. ಈ ಯಂತ್ರದ ಯೋಚನೆ ಬಿಟ್ಟುಬಿಡೋಣ್ವಾ?"

"ಬೇಡ."

"ಯಾರಿಗೂ ತೊಂದರೆ ಇರಲ್ಲ. ತಂಗಿಗೂ ಆರಾಮು. ಬಿಟ್ಟುಬಿಡೋಣ."

"ಬೇಡ." ಗೆರೆ ಮುಕ್ಕಾಲು ಪರದೆ ದಾಟಿತು.

"ಕೊನೇ ಸಲ ಕೇಳ್ತೀನಿ. ನಿಮಗೆ ಸಾಕಾಗಿದೆ ಅಂತ ಹಾಸನಕ್ಕೆ ಹೇಳಿಬಿಡ್ಲಾ?"

ಈ ಸಲ ಗೆರೆ ಉಪ್ಪಿಟ್ಟನ್ನೂ ಮೀರಿ, ಪರದೆಯ ಮೇಲಂಚನ್ನು ದಾಟಿ ಎಲ್ಲಿಗೋ ಹೋಯಿತು. ಸ್ಪೀಕರು ಒಂದೇ ಉಸಿರಿಗೆ ಬೇಡ, ಬೇಡ, ಬೇಡ ಎಂದು ನುಡಿಯಿತು. ಬಸ್ಸಿನ ಬಾಗಿಲಲ್ಲಿ ನಿಂತವರನ್ನು ಗದರಿ ಒಳಗೆ ಹತ್ತಿಸುವ ಹಾಗಿತ್ತು.

"ಸಾಕಮ್ಮ ಸಾಕು, ಅರ್ಥ ಆಯ್ತು," ಎಂದರು ಜಬೀನ್. ಕನ್ನಡಕ ಒರೆಸುವ ನೆಪದಲ್ಲಿ ಕಣ್ಣೊರೆಸಿಕೊಂಡರು. ಹೊರಗೆ ಜಗಲಿಗೆ ಹೋಗಿ ಅಲ್ಲಿಂದಲೇ ಹಾಸನಕ್ಕೆ ಫೋನು ಮಾಡಿ, ಆಪರೇಷನ್ನಿಗೆ ದಿನ ಗೊತ್ತು ಮಾಡಿ ಎಂದು ಹೇಳಿದರು. ಒಳಗೆ ಬಂದು ಇಂಪನಳ ಕಿವಿಯಲ್ಲಿ, "ನಾಳೆಯಿಂದ ಹಳೇ ಪರೀಕ್ಷೆಗಳನ್ನೆಲ್ಲ ತೆಗಿ. ಬೇಡ ಅಂದವರನ್ನೆಲ್ಲ ಮತ್ತೆ ಹೋಗಿ ಕೇಳಬೇಕು," ಎಂದರು. ಇಂಪನಳಿಗೆ ಅವರೆಲ್ಲರ ಮುಖಗಳು ಒಮ್ಮೆಲೇ ನೆನಪಾದವು. ಎಷ್ಟು ಮನೆಗಳಲ್ಲಿ ಎಷ್ಟು ಬಟ್ಟಲುಗಳು ಹಾಗೇ ಒಳಗೆ ಹೋಗಿರಬಹುದು ಎಂದು ಸಂಕಟವಾದರೂ, ಹೋಗಿ ಕೇಳಬಹುದಲ್ಲ ಎಂದು ಸಮಾಧಾನವೂ ಆಯಿತು.

ಕೋಮಲ ಎದ್ದು ಮುಖ ತೊಳೆದುಕೊಂಡು ಬಂದಳು. ಅತ್ತು ಅತ್ತು ಮೂಗು ಕೆಂಪಾಗಿತ್ತು. ಹೊತ್ತು ಮೀರಿಹೋಗಿತ್ತು, ಬಂದವರಿಗೂ ಏನೂ ಕೊಟ್ಟಿರಲಿಲ್ಲ. ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, ಇನ್ನೊಂದು ಸುತ್ತಿನ ಬಲವಂತಕ್ಕೆ ತಯಾರಾಗಿಯೇ ಮಂಚದ ಮುಂದೆ ನಿಂತಳು.

"ಅಕ್ಕ, ಊಟ ತರ್ಲಾ?"

"ಹೂಂ."

ಕೋಮಲ ಎರಡನೇ ಸಲ ಕೇಳಲು ಬಾಯಿ ತೆರೆದಿದ್ದಳು. ಅದನ್ನು ಹಾಗೇ ಮುಚ್ಚಿ, ಅಕ್ಕನ ಮುಖವನ್ನೇ ನೋಡುತ್ತಾ ಒಂದು ಗಳಿಗೆ ನಿಂತಳು. ಆಮೇಲೆ ಅಡುಗೆಮನೆಗೆ ಓಡಿದಳು.